ಕಿಡ್ನಿಗೆ ಕ್ಯಾಪ್ಸೂಲೋ, ನುಗ್ಗೆ ಸೊಪ್ಪೋ?

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: "ನನ್ನ ತಮ್ಮ ಮಂಗಳೂರಿನ ಒಂದು ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಸೀಸದಿಂದ ಕಿಡ್ನಿ ಹಾಳಾಗುತ್ತದಂತೆ. ಗಿಡಗಳಲ್ಲಿರುವ ಫ್ಲೇವನಾಯ್ಡ್ ಎಂಬ ಅಂಶಗಳು ಅದನ್ನು ತಡೆಯುತ್ತವೆ ಎಂದು ಓದಿ, ಅವುಗಳಲ್ಲಿ ಒಂದಾದ ಕ್ವೆರ್ಸೆಟಿನ್ ಕ್ಯಾಪ್ಸೂಲ್ ತರಿಸಿದೆ. ಮನುಷ್ಯರಲ್ಲಿ ಇದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು ಡಾಕ್ಟರು ನಕ್ಕುಬಿಟ್ಟರು. ನೀವೇನಂತೀರಿ?"

ಡಾಕ್ಟರು ನಗಬಾರದಿತ್ತು. ನೀವು ಓದಿದ್ದು ಸುಳ್ಳಲ್ಲ. ಸೀಸ, ಕ್ಯಾಡ್ಮಿಯಂ, ಪಾದರಸ ಮೂರೂ ಕಿಡ್ನಿಯ ಸಣ್ಣ ನಳಿಕೆಗಳನ್ನು ಹುಡುಕಿಕೊಂಡು ಹೋಗುತ್ತವೆ. ಕ್ಯಾಡ್ಮಿಯಂ ಅಂತೂ ಅಲ್ಲೇ ಬೀಡುಬಿಡುತ್ತದೆ. ಅದರ ಅರ್ಧ ಭಾಗ ಹೊರಹೋಗಲು 10ರಿಂದ 30 ವರ್ಷ ಬೇಕು. ಈ ಲೋಹಗಳು ಜೀವಕೋಶವನ್ನು ಕಾಯುವ ಗ್ಲುಟಾಥಯೋನ್ ಎಂಬ ವಸ್ತುವನ್ನು ಖಾಲಿ ಮಾಡಿ ಕೋಶವನ್ನು ಒಳಗಿಂದಲೇ ಸುಡುತ್ತವೆ. ಕ್ವೆರ್ಸೆಟಿನ್ ಲೋಹದ ಕಣವನ್ನು ಹಿಡಿದುಕೊಳ್ಳಬಲ್ಲದು, ಕೋಶದ ಸ್ವಂತ ರಕ್ಷಣೆಯನ್ನೂ ಎಬ್ಬಿಸಬಲ್ಲದು. ಇಲಿಗಳ ಮೇಲಿನ ಎಷ್ಟೋ ಪ್ರಯೋಗಗಳಲ್ಲಿ ಅದನ್ನು ಕೊಟ್ಟಾಗ ಕಿಡ್ನಿಗೆ ಪೆಟ್ಟು ಕಡಿಮೆಯಾಗಿದೆ.

ಮನುಷ್ಯರಲ್ಲಿ ಗಟ್ಟಿ ಪುರಾವೆ ಇಲ್ಲ ಎಂಬ ಡಾಕ್ಟರ ಮಾತು ಸರಿ. ಒಪ್ಪಿದೆ. ಆದರೆ ಅಷ್ಟಕ್ಕೆ ಊಟದ ತಟ್ಟೆಯನ್ನೇ ಮರೆಯುವುದಾ?

ನಿಮ್ಮ ಮೇಲೂ ನನಗೆ ಸ್ವಲ್ಪ ಕೋಪವಿದೆ. ಕ್ಯಾಪ್ಸೂಲಿಗೆ ಯಾಕೆ ಓಡಿದಿರಿ ಮಾರಾಯ್ರೆ? ಅದೇ ಕ್ವೆರ್ಸೆಟಿನ್ ಈರುಳ್ಳಿಯಲ್ಲಿದೆ, ಹೊರಪದರಗಳಲ್ಲೇ ಜಾಸ್ತಿ. ನಾವು ಸುಲಿಯುವ ಭರದಲ್ಲಿ ಅದನ್ನೇ ಬಿಸಾಡುತ್ತೇವೆ. ಬೇಯಿಸಿದರೆ ಒಂದಷ್ಟು ನೀರಿಗೆ ಇಳಿಯುತ್ತದೆ, ಆ ನೀರನ್ನು ಸಾರಿಗೆ ಹಾಕಿ. ಪುನರ್ಪುಳಿಯ ಕೆಂಪು ಬಣ್ಣವೂ ಫ್ಲೇವನಾಯ್ಡ್ ಕುಟುಂಬದ್ದೇ. ನುಗ್ಗೆ ಸೊಪ್ಪಿನಲ್ಲಿ ಕ್ವೆರ್ಸೆಟಿನ್ ಜತೆಗೆ ಕಬ್ಬಿಣ, ಕ್ಯಾಲ್ಸಿಯಂ ಕೂಡ ಇದೆ. ನನ್ನ ಮಟ್ಟಿಗೆ ದೊಡ್ಡ ವಿಷಯ ಇದೇ. ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಕರುಳು ಸೀಸವನ್ನೂ ಕ್ಯಾಡ್ಮಿಯಮನ್ನೂ ಹೆಚ್ಚು ಹೀರುತ್ತದೆ. ಹೊಟ್ಟೆ ತುಂಬ ಒಳ್ಳೆಯ ಊಟ ಮಾಡಿದವನಿಗೆ ವಿಷ ಅಷ್ಟು ಸುಲಭಕ್ಕೆ ಅಂಟುವುದಿಲ್ಲ. (ಕಿಡ್ನಿ ಆಗಲೇ ಸೋತಿದ್ದರೆ ಮಾತ್ರ ಸೊಪ್ಪಿನ ಪೊಟ್ಯಾಶಿಯಂ ಬಗ್ಗೆ ಡಾಕ್ಟರನ್ನು ಕೇಳಿಯೇ ತಿನ್ನಬೇಕು.)

ಆದರೆ ನುಗ್ಗೆ ಮರ ಎಲ್ಲಿದೆ ಈಗ? ಉಡುಪಿಯಲ್ಲಿ ಯಾವ ಹೊಸ ಮನೆಗೆ ಹೋದರೂ ಅಂಗಳಕ್ಕೆ ಇಂಟರ್‌ಲಾಕ್. ಕಂಬಳಿಹುಳ ಬರುತ್ತದೆ ಎಂದು ಮರ ಕಡಿದಾಯ್ತು, ಬಸಳೆ ಚಪ್ಪರ ಹೋಯ್ತು, ಪುನರ್ಪುಳಿ ಬಾಟಲಿಯಲ್ಲಿ ಸಕ್ಕರೆ ಪಾಕವಾಗಿ ಬರುತ್ತಿದೆ. ಹಿತ್ತಲನ್ನು ನಾವೇ ಮುಚ್ಚಿ, ಅದರ ಸಾರವನ್ನು ಡಬ್ಬಿಯಲ್ಲಿ ಕೊಳ್ಳುತ್ತಿದ್ದೇವೆ.

ಇನ್ನೂ ದೊಡ್ಡ ಸಿಟ್ಟು ಬೇರೆ ಇದೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಇಳಿದು, ಅಕ್ಕಿ ತಿಂದವರ ಕಿಡ್ನಿ, ಮೂಳೆ ಎರಡೂ ಹೋದವು. ಅದು ಮಾಲಿನ್ಯದ ಕಾಯಿಲೆ ಎಂದು ಸರಕಾರ ಒಪ್ಪಿದ್ದು 1968ರಲ್ಲಿ. ಆಮೇಲೆ ಗದ್ದೆಯ ಮಣ್ಣನ್ನೇ ಸರಿಪಡಿಸಬೇಕಾಯಿತು. ನಮ್ಮ ದೇಶದಲ್ಲಿ 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಹಳೆ ಬ್ಯಾಟರಿ ಬಿಚ್ಚುವವನ ಕೈಯಿಂದ ಯಾಕೆ ಹೋಗಿಲ್ಲ? ಗ್ಲೌಸ್, ಮಾಸ್ಕ್ ಕೊಡದ ಮಾಲೀಕ ನುಗ್ಗೆ ಸೊಪ್ಪಿನ ಹಿಂದೆ ಅಡಗಿಕೊಳ್ಳಬಾರದು.

ಹಾಗಾಗಿ ಮೊದಲು ತಮ್ಮನ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಪರೀಕ್ಷೆ ಕೂಡ. ಸೀಸ ತುಂಬ ಹೆಚ್ಚಿದ್ದರೆ ಅದನ್ನು ಇಳಿಸುವ ಔಷಧ ಆಸ್ಪತ್ರೆಯಲ್ಲೇ ಆಗಬೇಕು. ಕೆಲಸದ ಅಂಗಿಯನ್ನು ಮಕ್ಕಳ ಬಟ್ಟೆ ಜತೆ ಒಗೆಯಬೇಡಿ, ಸೀಸದ ಧೂಳು ಮನೆಗೆ ಬರುವುದು ಹಾಗೆಯೇ. ಕೈ ತೊಳೆಯದೆ ಊಟಕ್ಕೆ ಕೂರಬೇಡ ಎಂದು ಅವನಿಗೆ ಹೇಳಿ.