ಅಮ್ಮ ಕೇಳಿದ ಪ್ರಶ್ನೆ ಎಲ್ಲಿ ಹೋಯಿತು?

ನಮಸ್ಕಾರ.

ನಿಮ್ಮ ತಂದೆಯ ಸಾವಿನ ಬಗ್ಗೆ ನೀವು ಬರೆದು ಕಳಿಸಿದ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಗುಂಡಿಗೆ ಮಳೆನೀರು ತುಂಬಿದ್ದು, ಹುಡುಗರು ಅದನ್ನು ಬಕೆಟ್ಟಿನಲ್ಲಿ ಎತ್ತಿ ಹಾಕಿದ್ದು ಚೆನ್ನಾಗಿ ಬಂದಿದೆ. ಇಷ್ಟು ಹೇಳಿ ನನ್ನ ಸಿಟ್ಟಿಗೆ ಬರುತ್ತೇನೆ.

ಎರಡನೇ ಪ್ಯಾರಾ: ‘ಅಪ್ಪ ಪ್ರಭುವಿನ ಸನ್ನಿಧಿಗೆ ಕರೆಯಲ್ಪಟ್ಟರು. ಆದರೆ ನಾವು ಅಳಲಿಲ್ಲ, ಏಕೆಂದರೆ ನಮಗೆ ನಿರೀಕ್ಷೆ ಇದೆ.’

‘ಕರೆಯಲ್ಪಟ್ಟರು’ ಯಾಕೆ? ಹೋಗಿಬಿಟ್ರು ಅಂತ ಮನೆಯಲ್ಲಿ ಒಬ್ಬರೂ ಅನ್ನಲಿಲ್ವಾ? ಅದಕ್ಕಿಂತ ಜಾಸ್ತಿ ಕಾಡಿದ್ದು ಆ ‘ಆದರೆ’. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತಿದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಗೆಳೆಯನನ್ನು ಬದುಕಿಸಿ ಎಬ್ಬಿಸಲಿದ್ದವನೇ ಅತ್ತ. ಯೇಸುವಿನ ಅಪೊಸ್ತಲ ಪೌಲನೂ ಥೆಸಲೋನಿಕ ಊರಿನ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ ಅಳಲೇಬೇಡಿ ಅಂದಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂದ. ಅದು ಬೇರೆ ಮಾತು. ಕನ್ನಡ ಬೈಬಲ್ಲಿನ ಈ ‘ನಿರೀಕ್ಷೆ’ಯನ್ನೇ ನೋಡಿ. ಬಾಗಿಲ ಕಡೆ ಕಣ್ಣಿಟ್ಟು ಕೂತವರ ಪದ ಅದು. ಏನೂ ಕಳೆದುಕೊಳ್ಳದವರು ಯಾರಿಗೆ ಅಂತ ಕಾಯುತ್ತಾರೆ?

ಐದನೇ ಪ್ಯಾರಾ: ‘ದೇಹವೆಂಬ ಪಂಜರ ಬಿಟ್ಟು ಆತ್ಮದ ಹಕ್ಕಿ ಹಾರಿತು.’

ಚೆಂದದ ಸಾಲು. ನಮ್ಮ ತತ್ವಪದಗಳಲ್ಲಿ ಈ ಹಕ್ಕಿ ಬೇಕಾದಷ್ಟು ಸಲ ಹಾರಿದೆ. ಆದರೆ ನೀವು ಚರ್ಚಿನಲ್ಲಿ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಇರುವುದು ದೇಹದ ಪುನರುತ್ಥಾನ. ಅಂದರೆ ಪಂಜರವೂ ಏಳಬೇಕು. ನನ್ನಂಥ ಹೊರಗಿನವನಿಗೆ ಬೆರಗಾಗುವುದೇ ಅಲ್ಲಿ.

ನಿಮ್ಮ ಮನೆಯಲ್ಲಿ ಅದನ್ನು ನಿಜ ಅಂತ ನಂಬಿ ಮಾತಾಡಿದವರು ಅಮ್ಮ ಒಬ್ಬರೇ. ಏಳನೇ ಪ್ಯಾರಾದಲ್ಲಿ ಅವರು ಪಾಸ್ಟರನ್ನು ಕೇಳುತ್ತಾರೆ: ‘ಶುಗರಿಗೆ ಕಾಲು ತೆಗೆದ್ರಲ್ಲ, ಎದ್ದು ಬರುವಾಗ ಇವರಿಗೆ ಎರಡೂ ಕಾಲು ಇರುತ್ತಾ?’ ಓದುವುದನ್ನು ಅಲ್ಲಿಗೇ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನೀವು ಮಾತ್ರ ‘ಅಮ್ಮನ ಮುಗ್ಧತೆಗೆ ಎಲ್ಲರೂ ನಕ್ಕೆವು’ ಎಂದು ಬರೆದು ಮುಂದೆ ಹೊರಟುಬಿಟ್ಟಿರಿ!

ಸತ್ತವರು ಎಂಥ ದೇಹದಲ್ಲಿ ಬರುತ್ತಾರೆ ಅನ್ನುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲೇ ಬರುತ್ತದೆ. ಕೇಳಿದವನನ್ನು ಪೌಲ ಬುದ್ಧಿಯಿಲ್ಲದವನೇ ಅಂತ ಗದರುತ್ತಾನೆ, ನಿಜ. ಆದರೆ ನಕ್ಕು ಬಿಡುವುದಿಲ್ಲ. ಬಿತ್ತಿದ ಕಾಳು, ಸೂರ್ಯ, ಚಂದ್ರ, ನಕ್ಷತ್ರ ಎಲ್ಲವನ್ನೂ ತಂದು ಉತ್ತರ ಹೇಳುತ್ತಾನೆ. ಎದ್ದು ಬಂದ ಯೇಸುವಿನ ಕೈಯಲ್ಲಂತೂ ಮೊಳೆಯ ಗಾಯ ಹಾಗೇ ಇತ್ತು. ಎದ್ದು ಬಂದದ್ದನ್ನು ನಂಬದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ್ದು. ಹಾಗಾದರೆ ಅಪ್ಪನ ಕಾಲು? ನಗುವ ಪ್ರಶ್ನೆಯಾ ಇದು?

ಚಾಮರಾಜಪೇಟೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ನಾನು ಕೆಲಸ ಕಲಿಯುವಾಗ ಶ್ರದ್ಧಾಂಜಲಿ ಬರೆಯುವುದು ನನ್ನ ಪಾಲಿಗಿತ್ತು. ‘ತುಂಬಲಾರದ ನಷ್ಟ’ ಇಲ್ಲದೆ ಒಂದೂ ಮುಗಿಯುತ್ತಿರಲಿಲ್ಲ. ಒಂದು ದಿನ ಸಂಪಾದಕರು ಹಾಳೆ ವಾಪಸು ಕೊಟ್ಟರು. ‘ಏನು ನಷ್ಟ ಆಯ್ತಂತೆ? ಹೋಗಿ ಕೇಳ್ಕೊಂಡು ಬಾ.’ ಸೈಕಲ್ ತುಳಿದುಕೊಂಡು ಶ್ರೀನಗರಕ್ಕೆ ಹೋದೆ. ತೀರಿಕೊಂಡ ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು. ನನಗೆ ಬಾಯೇ ಬರಲಿಲ್ಲ. ಅವರೇ ನೀರು ಕೊಟ್ಟು, ಎಷ್ಟೋ ಹೊತ್ತಾದ ಮೇಲೆ ಅಂದರು: ‘ಸೋಪು ಖರ್ಚೇ ಆಗ್ತಿಲ್ಲ ಕಣಪ್ಪ.’ ಆ ವಾರ ಅಚ್ಚಾಗಿದ್ದು ಅದೇ ಮಾತು. ಎಲ್ಲ ಓದುಗರಿಗೂ ಹಿಡಿಸಲಿಲ್ಲ ಬಿಡಿ.

ಲೇಖನ ವಾಪಸು ಕಳಿಸಿದ್ದೇನೆ. ಉಳಿದ ಪ್ಯಾರಾಗಳ ಮಾತು ಈಗ ಬೇಡ. ಏಳನೆಯದರಿಂದ ಶುರು ಮಾಡಿ. ಅಮ್ಮ ಕೇಳಿದಾಗ ಪಾಸ್ಟರೂ ನಕ್ಕರಾ? ಅವರು ಏನಂದರು ಅನ್ನುವುದನ್ನೇ ನೀವು ಬರೆದಿಲ್ಲ.