ಪಿಕಪ್ ನಿಂತಲ್ಲೇ ನಡುಗಿದರೆ ಮೊದಲು ಗಾಳಿ ಸೋರಿಕೆ ನೋಡಿ

ನಿಂತಾಗ ಗಾಡಿ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತದೆ, ಹೊಸ ಪ್ಲಗ್ ಹಾಕಿಸಿದರೂ ಹಾಗೇ ಇದೆ ಅಂದಿದ್ದೀರಿ. ಪೆಟ್ರೋಲ್ ಇಂಜೆಕ್ಷನ್ ಎಂಜಿನ್ ಅಲ್ವಾ? ಹಾಗಾದರೆ ನನ್ನ ಅನುಮಾನ ವ್ಯಾಕ್ಯೂಮ್ ಲೀಕ್ ಮೇಲೆ, ಅಂದರೆ ಬಿರುಕು ಬಿಟ್ಟ ಪೈಪಿನಂಥ ಕಡೆಯಿಂದ ಎಂಜಿನ್ ಒಳಗೆ ಹೊರಗಿನ ಗಾಳಿ ನುಸುಳುವುದು. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಅದು ಎಳೆಯುವ ಗಾಳಿಯೇ ಕಡಿಮೆ, ಅದಕ್ಕೇ ಸಣ್ಣ ಸೋರಿಕೆಯೂ ಜಾಸ್ತಿ ಕಾಡುತ್ತದೆ.

ಬಾನೆಟ್ ಎತ್ತಿ, ಫ್ಯಾನಿನಿಂದ ದೂರ ನಿಂತು, 'ಸುಸ್' ಅನ್ನುವ ಸದ್ದು ಬರುತ್ತಾ ಕೇಳಿ. ಆಮೇಲೆ ಎಂಜಿನ್ ಆಫ್ ಮಾಡಿ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ. ನನ್ನ ಹಳೇ ಗಾಡಿಯಲ್ಲಿ ಬ್ರೇಕ್ ಬೂಸ್ಟರ್ (ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಭಾಗ) ಪೈಪಿನ ಅಡಿಭಾಗದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಮೇಲಿಂದ ನೋಡಿದರೆ ಪೈಪು ಹೊಸದರ ಹಾಗಿತ್ತು! ಎಂಜಿನ್ನಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕರೆ ಇನ್ನೂ ಸುಲಭ. ಬಿಸಿಯಾದ ಎಂಜಿನ್‌ನಲ್ಲಿ ಮುಳ್ಳು ಸುಮಾರು 17ರಿಂದ 21 ಇಂಚು ಪಾದರಸದ (inHg) ನಡುವೆ ಅಲುಗಾಡದೆ ನಿಲ್ಲಬೇಕು. ಎತ್ತರದ ಊರಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಮುಳ್ಳು ತಾಳ ಹಾಕಿದಂತೆ ಪದೇ ಪದೇ ಕೆಳಗೆ ಬಿದ್ದರೆ ವಾಲ್ವ್ ತೊಂದರೆ ಇರಬಹುದು.

ಸೋರಿಕೆ ಸಿಗದಿದ್ದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ, ಐಡ್ಲಿಂಗ್ ಗಾಳಿ ಹಿಡಿತದಲ್ಲಿಡುವ ಐಡಲ್ ವಾಲ್ವ್‌ನ ಮಸಿ ತೆಗೆಯಿರಿ. ಅದೂ ಆಗಲಿಲ್ಲವೇ? ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ, ನೋಡಿ, ಮತ್ತೆ ಹಾಕಿ. ಯಾವುದನ್ನು ಬಿಚ್ಚಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ಕಳ್ಳ. ಪ್ಲಗ್ ವೈರ್ ಮಾತ್ರ ಎಳೆಯಬೇಡಿ, ಶಾಕ್ ಹೊಡೆಯುತ್ತದೆ. ಇಷ್ಟೆಲ್ಲಾ ನೋಡುವ ಮೊದಲೇ ಸುಮ್ನೆ ಸೆನ್ಸರ್‌ಗೆ ದುಡ್ಡು ಸುರಿಯಬೇಡಿ.