ಪ್ರತಿ: ಮೇಲಧಿಕಾರಿಗಳನ್ನು ಒಪ್ಪಿಸುವುದು ಹೇಗೆ?

ಜೈಲು ಸಿಬ್ಬಂದಿಗೆ ಒತ್ತಡ ನಿಭಾಯಿಸುವ ತಂಡ ಕಟ್ಟಲು ಹೊರಟರೆ ಮೇಲಿನವರು "ಇದೆಲ್ಲ ಪುಕ್ಕಲರಿಗೆ" ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅವರ ಮುಂದೆ ಮಾನಸಿಕ ಆರೋಗ್ಯದ ಮಾತು ತೆಗೆಯಲೇಬೇಡಿ. ಅನಾರೋಗ್ಯ ರಜೆ, ರಾಜೀನಾಮೆ, ಓವರ್‌ಟೈಮ್ ಲೆಕ್ಕ ಮುಂದಿಡಿ. ಪಳಗಿದ ವಾರ್ಡರ್ ಒಬ್ಬ ಬಿಟ್ಟುಹೋದರೆ ಹೊಸಬನ ತರಬೇತಿ ಮುಗಿಯುವ ತನಕ ಡಬಲ್ ಡ್ಯೂಟಿ ಯಾರ ತಲೆಗೆ? ಅದು ಅವರಿಗೂ ಅರ್ಥವಾಗುತ್ತದೆ.

ನನ್ನ ಕೇಳಿದರೆ, ಅಧಿಕಾರಿಗಳಿಗಿಂತ ಸಿಬ್ಬಂದಿಯನ್ನು ಒಪ್ಪಿಸುವುದೇ ಕಷ್ಟ. ಹೇಳಿಕೊಂಡದ್ದು ಸರ್ವಿಸ್ ರೆಕಾರ್ಡ್ ಸೇರೀತು, ಬಡ್ತಿ ತಪ್ಪೀತು ಎಂಬ ಭಯವಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಯಾವುದು ಗುಟ್ಟಾಗಿ ಉಳಿಯುತ್ತದೆ, ಜೀವಾಪಾಯದಂಥ ಯಾವ ಸಂದರ್ಭದಲ್ಲಿ ಉಳಿಯುವುದಿಲ್ಲ ಎಂಬುದನ್ನು ಮೊದಲೇ ಲಿಖಿತವಾಗಿ ಪಡೆಯಿರಿ. ತಂಡಕ್ಕೆ ಸಹೋದ್ಯೋಗಿಗಳೇ ಸೂಚಿಸಿದವರು ಬರಲಿ. ಶಿಸ್ತುಕ್ರಮದ ಫೈಲು ನೋಡುವವರು ಮಾತ್ರ ಖಂಡಿತ ಬೇಡ. ಕುಟುಂಬದವರನ್ನೂ ಮರೆಯಬೇಡಿ, ಬದಲಾವಣೆ ಮೊದಲು ಕಾಣುವುದು ಮನೆಯಲ್ಲೇ.

ಒಂದು ಎಚ್ಚರಿಕೆ. ಅಮೆರಿಕದ ತಜ್ಞ ಜೆಫ್ರಿ ಮಿಚೆಲ್ 1983ರಲ್ಲಿ ಪರಿಚಯಿಸಿದ ಗುಂಪು ಡಿಬ್ರೀಫಿಂಗ್, ಅಂದರೆ ಆಘಾತಕಾರಿ ಘಟನೆಯಾದ ಮೇಲೆ ಅದರಲ್ಲಿದ್ದವರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವ ಪದ್ಧತಿ, ಬಹಳ ಜನಪ್ರಿಯ. ಆದರೆ ಒಂದೇ ಸಲದ ಡಿಬ್ರೀಫಿಂಗ್‌ನಿಂದ ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ) ತಡೆಯಬಹುದು ಎಂಬುದಕ್ಕೆ ನಂತರದ ಸಂಶೋಧನಾ ವಿಮರ್ಶೆಗಳಲ್ಲಿ ಆಧಾರ ಸಿಗಲಿಲ್ಲ. ಅದನ್ನು ಕಡ್ಡಾಯ ಮಾಡಬೇಡಿ, ರಾಮಬಾಣ ಅಂತಲೂ ಹೇಳಬೇಡಿ. ಘಟನೆಯಾಗಿ ತಿಂಗಳಾದ ಮೇಲೆ "ನಿದ್ದೆ ಬರ್ತಿದೆಯಾ?" ಎಂದು ವಿಚಾರಿಸುವ ಸಹೋದ್ಯೋಗಿ, ಬೇಕಾದಾಗ ಕಳಿಸಲು ಒಬ್ಬ ಮನೋವೈದ್ಯರು, ಇಷ್ಟರಿಂದ ಶುರುಮಾಡಿ.